ಸಹಾಯಧನ ಮತ್ತು ಗಡಿನಾಡಿನ ಉದ್ಯಮ: ಹುಮನಾಬಾದ್–ಬಸವಕಲ್ಯಾಣ ಪರಿಸರದ ಒಂದು ಅವಲೋಕನ

ಕರ್ನಾಟಕದ ಕಿರೀಟವೆಂದು ಕರೆಯಲ್ಪಡುವ ಬೀದರ್ ಜಿಲ್ಲೆ ಒಂದು ಕಡೆ ಮಹಾರಾಷ್ಟ್ರದಿಂದಲೂ ಮತ್ತೊಂದು ಕಡೆ ತೆಲಂಗಾಣದಿಂದಲೂ ಸುತ್ತುವರಿದಿದ್ದು, ದಕ್ಷಿಣದಲ್ಲಿ ಮಾತ್ರ ಕಲಬುರಗಿಯ ಮೂಲಕ ನಾಡಿನ ಉಳಿದ ಭಾಗದೊಡನೆ ಬೆಸೆದುಕೊಂಡಿದೆ. ಈ ಜಿಲ್ಲೆಯ ಹುಮನಾಬಾದ್ ಪಟ್ಟಣಕ್ಕೆ ಹೈದರಾಬಾದ್ ಸುಮಾರು 150 ಕಿ.ಮೀ. ದೂರದಲ್ಲಿದ್ದರೆ, ರಾಜಧಾನಿ ಬೆಂಗಳೂರು 600 ಕಿ.ಮೀ.ಗೂ ಮಿಕ್ಕ ದೂರದಲ್ಲಿದೆ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದ್ ಹಾಗೂ ಅದೇ ಹೆದ್ದಾರಿಗೆ ಸಮೀಪದಲ್ಲಿರುವ ಬಸವಕಲ್ಯಾಣ ಇವೆರಡೂ ಸರಕು ಸಾಗಣೆಯ ದಾರಿಯಲ್ಲಿದ್ದರೂ ಉದ್ಯಮದ ಬೆಳವಣಿಗೆಯಲ್ಲಿ ಹಿಂದುಳಿದ ತಾಲ್ಲೂಕುಗಳೆಂದೇ ಗುರುತಿಸಲ್ಪಟ್ಟಿವೆ. ಇಂತಹ ಪ್ರದೇಶದಲ್ಲಿ ಉದ್ಯಮವನ್ನು ಬೆಳೆಸಲು ಸರ್ಕಾರವು ನೀಡುತ್ತ ಬಂದ ಸಹಾಯಧನ, ಸಾಲ ಮತ್ತು ರಿಯಾಯಿತಿಗಳ ಸ್ವರೂಪವನ್ನು ವಿವರಿಸಿ, ಅವು ಯಾರನ್ನು ತಲುಪುತ್ತವೆ, ಯಾರ ಬಳಿಗೆ ಹೋಗದೆ ನಿಲ್ಲುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹಿನ್ನೆಲೆ

ಹುಮನಾಬಾದ್ ಮತ್ತು ಬಸವಕಲ್ಯಾಣ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಉದ್ಯಮಕ್ಕೆ ರಾಜ್ಯದ ಬೊಕ್ಕಸದಿಂದ ಬಂಡವಾಳ ಒದಗಿಸಬೇಕೆಂಬ ವಿಚಾರ ಆ ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. 1929ರಲ್ಲಿ ಅಲ್ಲಿ 1 ಕೋಟಿ ರೂಪಾಯಿಗಳ ಮೂಲಧನದೊಂದಿಗೆ ಕೈಗಾರಿಕಾ ನ್ಯಾಸ ನಿಧಿಯೊಂದು ಸ್ಥಾಪಿತವಾಯಿತು. ದೊಡ್ಡ ಕಾರ್ಖಾನೆಗಳ ಷೇರುಗಳನ್ನು ಕೊಳ್ಳುವುದು, ಸಣ್ಣ ಉದ್ಯಮಗಳಿಗೆ ಸಾಲ ಕೊಡುವುದು ಈ ನಿಧಿಯ ಕಾರ್ಯವಾಗಿತ್ತು. ಆದರೆ ಸಂಸ್ಥಾನದ ಕಾಲದ ಗಿರಣಿ, ಕಾರ್ಖಾನೆಗಳು ಹೈದರಾಬಾದ್, ವರಂಗಲ್, ನಾಂದೇಡ್, ಗುಲ್ಬರ್ಗಾ, ಶಹಾಬಾದ್‌ಗಳಂತಹ ಕೇಂದ್ರಗಳಲ್ಲಿ ನೆಲೆಗೊಂಡವು. ಬೀದರ್ ಸೀಮೆಯು ಬಹುಮಟ್ಟಿಗೆ ಕೃಷಿ ಹಾಗೂ ಕೈಕಸುಬುಗಳನ್ನೇ ಅವಲಂಬಿಸಿ ಉಳಿಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಸಹಾಯದ ವ್ಯವಸ್ಥೆ ಸಾಂಸ್ಥಿಕ ರೂಪ ಪಡೆಯಿತು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆಯೂ, 1966ರ ಕಾಯಿದೆಯ ಮೇರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯೂ ಅಸ್ತಿತ್ವಕ್ಕೆ ಬಂದವು. ಕೇಂದ್ರ ಸರ್ಕಾರವು 1971ರಿಂದ ಆಯ್ದ ಹಿಂದುಳಿದ ಪ್ರದೇಶಗಳಲ್ಲಿ ಸ್ಥಿರ ಬಂಡವಾಳದ ಒಂದು ಭಾಗವನ್ನು ನೇರ ಸಹಾಯಧನವಾಗಿ ಕೊಡುವ ಪದ್ಧತಿಯನ್ನು ಆರಂಭಿಸಿ, 1988ರವರೆಗೆ ನಡೆಸಿತು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಕಾರ್ಯಕ್ರಮ ಜಾರಿಗೆ ಬಂದು, ಉದ್ಯಮಿಯು ಬೇಕಾದ ಮಾರ್ಗದರ್ಶನವನ್ನು ಜಿಲ್ಲಾ ಕೇಂದ್ರದಲ್ಲಿಯೇ ಪಡೆಯುವ ಏರ್ಪಾಡಾಯಿತು. ಹುಮನಾಬಾದಿನ ಹೆದ್ದಾರಿಯ ಬದಿಯಲ್ಲಿ ಕೈಗಾರಿಕಾ ಪ್ರದೇಶ ರೂಪುಗೊಂಡುದು ಈ ಬಗೆಯ ಪ್ರಯತ್ನಗಳ ಫಲವೇ ಆಗಿದೆ.

ಹಿಂದುಳಿದಿರುವಿಕೆಯನ್ನು ಅಳೆಯುವ ಕಾರ್ಯವೂ ಇದರೊಂದಿಗೆ ನಡೆಯಿತು. ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳನ್ನು ಅತ್ಯಂತ ಹಿಂದುಳಿದ, ಅತಿ ಹಿಂದುಳಿದ, ಹಿಂದುಳಿದ ಎಂದು ಮೂರು ವರ್ಗಗಳಾಗಿ ವಿಂಗಡಿಸಿತು. ಹುಮನಾಬಾದ್, ಬಸವಕಲ್ಯಾಣಗಳೆರಡೂ ಈ ಪಟ್ಟಿಯಲ್ಲಿ ಸೇರಿದವು. ಮುಂದೆ ಸಂವಿಧಾನದ 371(ಜೆ) ವಿಧಿಯ ಮೇರೆಗೆ 2013ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ಸಹಾಯಧನದ ತರ್ಕ

ಉದ್ಯಮಿಗೆ ಸರ್ಕಾರ ಹಣವನ್ನೇಕೆ ಕೊಡಬೇಕೆಂಬ ಪ್ರಶ್ನೆ ಸಹಜವಾದುದು. ಸಣ್ಣ ದ್ವೀಪರಾಷ್ಟ್ರಗಳ ಉದಾಹರಣೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ದ್ವೀಪದಲ್ಲಿ ಕೊಳ್ಳುವವರ ಸಂಖ್ಯೆ ಕಡಿಮೆ. ಯಂತ್ರ, ಇಂಧನ, ಕಚ್ಚಾಸಾಮಗ್ರಿಗಳು ಹೊರಗಿನಿಂದ ಬರಬೇಕು. ಸಾಗಣೆಯ ವೆಚ್ಚ ಹೆಚ್ಚು. ಈ ಕೊರತೆಯನ್ನು ತುಂಬಿಕೊಡದಿದ್ದರೆ ಬಂಡವಾಳ ಅತ್ತ ಸುಳಿಯುವುದಿಲ್ಲ. ಕಬ್ಬನ್ನೇ ನೆಚ್ಚಿದ್ದ ಮಾರಿಷಸ್ 1970ರಲ್ಲಿ ರಫ್ತು ಸಂಸ್ಕರಣಾ ವಲಯದ ಕಾಯಿದೆಯನ್ನು ತಂದು, ತೆರಿಗೆ ವಿನಾಯಿತಿಗಳ ಮೂಲಕ ಸಿದ್ಧ ಉಡುಪಿನ ಕಾರ್ಖಾನೆಗಳನ್ನು ಆಕರ್ಷಿಸಿತು. ಆದರೆ ಜಾಗತಿಕ ಜವಳಿ ವ್ಯಾಪಾರದ ಕೋಟಾ ಪದ್ಧತಿ 2005ರ ಆರಂಭದೊಂದಿಗೆ ಕೊನೆಗೊಂಡಾಗ ಅಲ್ಲಿನ ಉಡುಪು ಉದ್ಯಮ ತೀವ್ರ ಪೆಟ್ಟು ತಿಂದಿತು. ರಿಯಾಯಿತಿಯು ಉದ್ಯಮವನ್ನು ಕರೆತರಬಲ್ಲದು. ಅದನ್ನು ಉಳಿಸಿಕೊಳ್ಳಲು ಮಾರುಕಟ್ಟೆ, ಕುಶಲತೆ ಮತ್ತು ಸ್ಥಳೀಯ ಬೇರುಗಳು ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೀದರ್ ಜಿಲ್ಲೆಗೆ ಕಡಲಿಲ್ಲ. ಆದರೂ ಅದರ ಸ್ಥಿತಿ ಒಂದರ್ಥದಲ್ಲಿ ದ್ವೀಪದಂತೆಯೇ ಇದೆ. ಬೀದರ್–ಕಲಬುರಗಿ ರೈಲುಮಾರ್ಗ ಹುಮನಾಬಾದಿನ ಮೂಲಕ ಪೂರ್ಣಗೊಂಡು ಉದ್ಘಾಟನೆಯಾದುದು 2017ರಲ್ಲಿ. ಅಲ್ಲಿಯವರೆಗೆ ಜಿಲ್ಲಾ ಕೇಂದ್ರದಿಂದ ನೆರೆಯ ಕಲಬುರಗಿಗೆ ನೇರ ರೈಲುಮಾರ್ಗವೇ ಇರಲಿಲ್ಲ. ಇಂತಹ ಕಡೆ ಸಹಾಯಧನವೆಂಬುದು ದಾನವಲ್ಲ. ದೂರದಿಂದಾಗುವ ನಷ್ಟದ ಭರ್ತಿ ಎಂದೇ ತಿಳಿಯಬೇಕು.

ಯೋಜನೆಗಳ ಕಾರ್ಯವಿಧಾನ

ಸಾಮಾನ್ಯ ಜನರಲ್ಲಿ ಸಹಾಯಧನವೆಂದರೆ ಸರ್ಕಾರ ಮೊದಲೇ ಕೈಗಿಡುವ ಹಣವೆಂಬ ಭಾವನೆ ಇದೆ. ವಾಸ್ತವ ಹಾಗಿಲ್ಲ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ನೋಡಬಹುದು. 2022ರ ಪರಿಷ್ಕರಣೆಯ ಪ್ರಕಾರ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿಗಳವರೆಗಿನ ಯೋಜನಾ ವೆಚ್ಚ ಇದರ ವ್ಯಾಪ್ತಿಗೆ ಬರುತ್ತದೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಹಿಳೆಯರು ಮೊದಲಾದ ವಿಶೇಷ ವರ್ಗದವರಿಗೆ ಕ್ರಮವಾಗಿ ಶೇ. 25 ಮತ್ತು ಶೇ. 35ರಷ್ಟು ಸಹಾಯಧನ ನಿಗದಿಯಾಗಿದೆ.

ಹುಮನಾಬಾದ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 10 ಲಕ್ಷ ರೂಪಾಯಿಗಳ ಘಟಕ ಹೂಡುವರೆಂದು ಭಾವಿಸೋಣ. ಅವರು ತಮ್ಮ ಕೈಯಿಂದ ಶೇ. 5, ಅಂದರೆ 50,000 ರೂಪಾಯಿ ತೊಡಗಿಸಬೇಕು. ಉಳಿದ 9.5 ಲಕ್ಷವನ್ನು ಬ್ಯಾಂಕು ಸಾಲವಾಗಿ ಮಂಜೂರು ಮಾಡಬೇಕು. ಸರ್ಕಾರದ 3.5 ಲಕ್ಷ ಸಹಾಯಧನವು ಅವರ ಕೈಗೆ ಬಾರದೆ, ಬ್ಯಾಂಕಿನಲ್ಲಿಯೇ ಮೂರು ವರ್ಷಗಳ ಅವಧಿಯ ಠೇವಣಿಯಾಗಿ ನಿಲ್ಲುತ್ತದೆ. ಆ ಠೇವಣಿಗೆ ಬಡ್ಡಿ ಸಲ್ಲದು. ಸಾಲದ ಅಷ್ಟು ಭಾಗಕ್ಕೆ ಬಡ್ಡಿ ವಿಧಿಸುವಂತೆಯೂ ಇಲ್ಲ. ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆಯಿಂದ ಖಚಿತವಾದ ಮೇಲೆ ಅದು ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಭೂಮಿಯ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸಲಾಗದು.

2020ರಲ್ಲಿ ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಬಂದ ಕೇಂದ್ರ ಯೋಜನೆಯ ತಿರುಳೂ ಇದೇ ಆಗಿದೆ. ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಹಾಯಧನವನ್ನು ಸಾಲದೊಂದಿಗೆ ಜೋಡಿಸಲಾಯಿತು; ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಶೇ. 15ನ್ನು ಸೇರಿಸಿತು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂಬ ಕ್ರಮದಲ್ಲಿ ಬೀದರಿಗೆ ಶುಂಠಿ ಆಯ್ಕೆಯಾಯಿತು. ರಾಜ್ಯದ ಕೈಗಾರಿಕಾ ನೀತಿಗಳು ಕೊಡುವ ಹೂಡಿಕೆ ಸಹಾಯಧನವೂ ಸಾಮಾನ್ಯವಾಗಿ ಉತ್ಪಾದನೆ ಆರಂಭವಾದ ನಂತರವೇ ದೊರೆಯುವಂಥದು.

ಈ ವಿವರಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಇಂತಹ ಯೋಜನೆಗಳಲ್ಲಿ ಬಹುಮಟ್ಟಿಗೆ ಸಹಾಯಧನದ ಬಾಗಿಲು ಬ್ಯಾಂಕಿನ ಸಾಲವೇ ಆಗಿದೆ. ಸಾಲ ಪಡೆಯಬಲ್ಲವನಿಗೆ ಮಾತ್ರ ಸಹಾಯಧನ. ಸಾಲ ಸಿಗದವನಿಗೆ ಅರ್ಜಿಯಷ್ಟೇ ಉಳಿಯುತ್ತದೆ. ಭದ್ರತೆಯಿಲ್ಲದ ಸಾಲಕ್ಕೆ ಖಾತರಿ ನೀಡುವ ನಿಧಿಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ಸ್ಥಾಪಿಸಿದ್ದರೂ, ಲೆಕ್ಕಪತ್ರ, ಯೋಜನಾ ವರದಿ, ಹಿಂದಿನ ವ್ಯವಹಾರದ ದಾಖಲೆಗಳಿಲ್ಲದ ಕಸುಬುದಾರನು ಬ್ಯಾಂಕಿನ ದೃಷ್ಟಿಯಲ್ಲಿ ಅಪರಿಚಿತನೇ ಆಗಿರುತ್ತಾನೆ. ಕನ್ನಡ, ಮರಾಠಿ, ಉರ್ದು ಭಾಷೆಗಳು ಬೆರೆತ ಈ ಸೀಮೆಯಲ್ಲಿ ಇಂಗ್ಲಿಷಿನ ಯೋಜನಾ ವರದಿಯು ಮತ್ತೊಂದು ಎಡರಾಗುತ್ತದೆ.

ಸ್ಥಿರ ಬಂಡವಾಳ ಮತ್ತು ದುಡಿಯುವ ಬಂಡವಾಳ

ಸಹಾಯಧನದ ಲೆಕ್ಕ ಹೆಚ್ಚಾಗಿ ಕಟ್ಟಡ ಮತ್ತು ಯಂತ್ರಗಳ ಮೇಲೆ ನಿಲ್ಲುತ್ತದೆ. ಆದರೆ ಈ ಪ್ರದೇಶದ ಉದ್ಯಮಗಳ ಜೀವಾಳ ಬೇರೆಡೆಯಲ್ಲಿದೆ. ತೊಗರಿ, ಉದ್ದು, ಹೆಸರು, ಸೋಯಾ, ಕಬ್ಬು ಇಲ್ಲಿನ ಮುಖ್ಯ ಬೆಳೆಗಳು. ಬೇಳೆ ಗಿರಣಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ತೊಗರಿ ಡಿಸೆಂಬರ್–ಜನವರಿಯ ಸುಮಾರಿಗೆ ಕಟಾವಾಗಿ ಮಾರುಕಟ್ಟೆಗೆ ಬರುತ್ತದೆ. ವರ್ಷವಿಡೀ ಗಿರಣಿ ಓಡಬೇಕಾದರೆ ಆ ಕೆಲವೇ ತಿಂಗಳುಗಳಲ್ಲಿ ಕಾಳನ್ನು ಕೊಂಡು ದಾಸ್ತಾನು ಮಾಡಬೇಕು. ಅದಕ್ಕೆ ಬೇಕಾಗುವ ಹಣ ಯಂತ್ರದ ಬೆಲೆಯನ್ನು ಮೀರಿಸಬಹುದು. ಯಂತ್ರಕ್ಕೆ ಸಹಾಯಧನ ದೊರೆತು, ಕಾಳಿಗೆ ಹಣವಿಲ್ಲದಿದ್ದರೆ ಗಿರಣಿ ವರ್ಷದ ಬಹುಭಾಗ ಬಾಗಿಲು ಹಾಕಿಕೊಂಡಿರಬೇಕಾಗುತ್ತದೆ. ಇಲ್ಲವೇ ಉದ್ಯಮಿಯು ದೊಡ್ಡ ವ್ಯಾಪಾರಿಗೆ ಕೂಲಿಯ ದರದಲ್ಲಿ ಕಾಳು ಒಡೆದುಕೊಡುವವನಾಗಿ ಉಳಿಯುತ್ತಾನೆ.

ಬಸವಕಲ್ಯಾಣದ ಪರಿಸರದಲ್ಲಿ ಹೆದ್ದಾರಿಯನ್ನು ಅವಲಂಬಿಸಿ ಬೆಳೆದ ಲಾರಿ ದುರಸ್ತಿ, ಬಾಡಿ ಕಟ್ಟುವಿಕೆ, ವೆಲ್ಡಿಂಗ್ ಮುಂತಾದ ಕಸುಬುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ಬಂಡವಾಳವೆಂದರೆ ಕೈಯ ಕುಶಲತೆ, ಗಿರಾಕಿಯ ನಂಬಿಕೆ ಮತ್ತು ಬಿಡಿಭಾಗಗಳಿಗೆ ಬೇಕಾದ ದಿನದ ಹಣ. ಇವು ಯಾವುವೂ ಸಹಾಯಧನದ ಕೋಷ್ಟಕದಲ್ಲಿ ಸುಲಭವಾಗಿ ಅಳತೆಗೆ ಸಿಗುವಂಥವಲ್ಲ.

ಎರಡು ಅನುಭವಗಳು

ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದಲ್ಲಿರುವ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಈ ಭಾಗದಲ್ಲಿ ಸರ್ಕಾರದ ನೆರವು ಮತ್ತು ರೈತರ ಷೇರು ಹಣ ಕೂಡಿ ನಿರ್ಮಾಣವಾದ ದೊಡ್ಡ ಉದ್ಯಮ. ಕಬ್ಬು ಬೆಳೆಗಾರರು ತಮ್ಮದೆಂದು ಹೇಳಿಕೊಳ್ಳಬಹುದಾದ ಕಾರ್ಖಾನೆ ಅದಾಗಿತ್ತು. ಸಾಲ ಮತ್ತು ನಷ್ಟದ ಹೊರೆ ಬೆಳೆದು ಅದು ಸಂಕಷ್ಟಕ್ಕೆ ಸಿಲುಕಿದಾಗ, ಬೆಳೆಗಾರರ ಮತ್ತು ಕಾರ್ಮಿಕರ ಬದುಕಿನ ಮೇಲೆ ಅದರ ಪರಿಣಾಮವಾಯಿತು. ಬಂಡವಾಳದ ನೆರವಿನೊಂದಿಗೆ ನಿರಂತರ ನಿರ್ವಹಣೆಯ ಹೊಣೆಗಾರಿಕೆಯೂ ಕೂಡಿಬರಬೇಕೆಂಬುದಕ್ಕೆ ಇದು ನಿದರ್ಶನ.

ಇದಕ್ಕೆ ಪ್ರತಿಯಾಗಿ ಬೀದರ್ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು 1990ರ ದಶಕದಿಂದ ಸ್ವಸಹಾಯ ಗುಂಪುಗಳ ಮೂಲಕ ನಡೆಸಿದ ಪ್ರಯೋಗವನ್ನು ನೋಡಬಹುದು. ಗ್ರಾಮೀಣ ಮಹಿಳೆಯರ ಉಳಿತಾಯವನ್ನೇ ಆಧಾರವಾಗಿಟ್ಟುಕೊಂಡು, ಒಬ್ಬರನ್ನೊಬ್ಬರು ಬಲ್ಲ ಗುಂಪಿನ ಹೊಣೆಯ ಮೇಲೆ ಸಣ್ಣ ಸಾಲಗಳನ್ನು ನೀಡಿದ ಈ ಕ್ರಮ ರಾಷ್ಟ್ರಮಟ್ಟದಲ್ಲಿ ಗಮನ ಸೆಳೆಯಿತು. ಇಲ್ಲಿ ದೊಡ್ಡ ಸಹಾಯಧನವಿರಲಿಲ್ಲ; ಸಾಲ ಸಕಾಲದಲ್ಲಿ, ಪರಿಚಿತರ ಕೈಯಿಂದ, ಪರಿಚಿತ ಭಾಷೆಯಲ್ಲಿ ದೊರೆಯಿತು. ಎಮ್ಮೆ ಸಾಕುವ, ಕಿರಾಣಿ ಅಂಗಡಿ ಇಡುವ, ಹೊಲಿಗೆ ಯಂತ್ರ ಕೊಳ್ಳುವ ಮಹಿಳೆಗೆ ಬೇಕಾದುದು ಇದೇ ಆಗಿತ್ತು.

ಲೆಕ್ಕಕ್ಕೆ ಸಿಗದ ವೆಚ್ಚ

ಹುಮನಾಬಾದ್ ಕೈಗಾರಿಕಾ ಪ್ರದೇಶಕ್ಕೆ ಬಂದ ಘಟಕಗಳಲ್ಲಿ ರಾಸಾಯನಿಕ ಮತ್ತು ಔಷಧ ತಯಾರಿಕೆಯವೂ ಸೇರಿವೆ. ಸುತ್ತಲಿನ ಗಡವಂತಿ, ಮಾಣಿಕನಗರ ಮೊದಲಾದ ಕಡೆಯ ನಿವಾಸಿಗಳು ದುರ್ವಾಸನೆ, ಜಲಮಾಲಿನ್ಯಗಳ ಕುರಿತು ಹಲವು ಬಾರಿ ದೂರಿದ್ದಾರೆ. ಸಹಾಯಧನವನ್ನು ನಿರ್ಧರಿಸುವಾಗ ಹೂಡಿದ ಬಂಡವಾಳ ಮತ್ತು ಸೃಷ್ಟಿಯಾಗುವ ಉದ್ಯೋಗಗಳನ್ನು ಎಣಿಸಲಾಗುತ್ತದೆ. ನೆರೆಯ ರೈತನ ಬಾವಿಯ ನೀರು ಆ ಎಣಿಕೆಯಲ್ಲಿ ಬರುವುದಿಲ್ಲ. ಮಳೆಯನ್ನೇ ನೆಚ್ಚಿದ ಸೀಮೆಯಲ್ಲಿ ಬಾವಿ ಕೆಟ್ಟರೆ ಆಗುವ ನಷ್ಟ ಯಾವ ರಿಯಾಯಿತಿಯಿಂದಲೂ ತುಂಬುವಂಥದಲ್ಲ.

ಉಪಸಂಹಾರ

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕಾಲದಲ್ಲಿ ಕಲ್ಯಾಣವು ಕಾಯಕ ಮತ್ತು ದಾಸೋಹದ ವಿಚಾರಗಳಿಗೆ ನೆಲೆಯಾಯಿತು. ನೇಕಾರ, ಅಂಬಿಗ, ಮಡಿವಾಳ, ಚಮ್ಮಾರರ ದುಡಿಮೆಗೆ ಅಲ್ಲಿ ಸಮಾನ ಗೌರವ ದೊರೆಯಿತು. ಅದೇ ಕಲ್ಯಾಣದ ಹೆಸರನ್ನು ಇಂದು ಇಡೀ ಪ್ರಾಂತ ಹೊತ್ತಿರುವಾಗ, ಬೊಕ್ಕಸದ ನೆರವು ಸಣ್ಣ ಕಾಯಕದವರನ್ನು ಮುಟ್ಟುತ್ತಿದೆಯೇ ಎಂಬ ಪ್ರಶ್ನೆ ಅಪ್ರಸ್ತುತವೆನಿಸದು.

ಒಟ್ಟಿನಲ್ಲಿ, ಈ ಪ್ರದೇಶದಲ್ಲಿ ಯೋಜನೆಗಳ ಕೊರತೆಗಿಂತ ಅವುಗಳ ಹೊಂದಿಕೆಯ ಕೊರತೆಯೇ ಹೆಚ್ಚಾಗಿದೆಯೆಂದು ಹೇಳಬಹುದು. ಯಂತ್ರಕ್ಕೆ ಕೊಡುವ ಸಹಾಯಧನದೊಂದಿಗೆ ಸುಗ್ಗಿಯ ಕಾಲದ ದುಡಿಯುವ ಬಂಡವಾಳವನ್ನು ಜೋಡಿಸುವುದು, ಯೋಜನಾ ವರದಿ ಸಿದ್ಧಪಡಿಸಲು ತಾಲ್ಲೂಕು ಮಟ್ಟದಲ್ಲಿಯೇ ಕನ್ನಡದಲ್ಲಿ ನೆರವು ನೀಡುವುದು, ಮಹಿಳಾ ಗುಂಪುಗಳಲ್ಲಿ ಸಾಲ ತೀರಿಸಿದ ಚರಿತ್ರೆಯನ್ನು ಬ್ಯಾಂಕುಗಳು ದಾಖಲೆಯೆಂದು ಪರಿಗಣಿಸುವುದು, ನೀರು ಮತ್ತು ಮಣ್ಣಿನ ರಕ್ಷಣೆಯನ್ನು ರಿಯಾಯಿತಿಯ ಷರತ್ತಾಗಿಸುವುದು ಇವು ದೊಡ್ಡ ವೆಚ್ಚವನ್ನು ಬೇಡುವ ಕ್ರಮಗಳಲ್ಲ. ಸಹಾಯಧನದ ಯಶಸ್ಸನ್ನು ಬಿಡುಗಡೆಯಾದ ಹಣದಿಂದ ಅಳೆಯದೆ, ಮೂರು ವರ್ಷಗಳ ಠೇವಣಿಯ ಅವಧಿ ಮುಗಿದ ಮೇಲೆಯೂ ತೆರೆದಿರುವ ಬಾಗಿಲುಗಳಿಂದ ಅಳೆಯುವುದು ಯುಕ್ತ.