ಎರಡು ಭಾಷೆಯ ಮಕ್ಕಳಿಗೊಂದು ಉನ್ನತ ವ್ಯಾಸಂಗ

ಪದವಿ ಮುಗಿಸಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ನನ್ನನ್ನು ಕಾಣಲು ಬಂದಿದ್ದಳು. “ಮಾಸ್ಟ್ರೇ, ಇಲ್ಲಿ ನಾನು ಕನ್ನಡದವಳು, ಮಂಗಳೂರಿಗೆ ಹೋದರೆ ಕೇರಳದವಳು. ಎರಡು ಭಾಷೆ ಕಲಿತು ಏನು ಬಂತು?” ಎಂದು ಕೇಳಿದಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮನೆಮನೆಯ ಪ್ರಶ್ನೆಯಿದು.

ಆ ವರ್ಷವೇ ಜಾದವಪುರ ವಿಶ್ವವಿದ್ಯಾಲಯದಲ್ಲಿ ಬಂಗಾಳಿ ಕವಿ ಬುದ್ಧದೇವ ಬಸು ಅವರು ತೌಲನಿಕ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗವೊಂದನ್ನು ಕಟ್ಟಿದರು. ಒಂದು ಭಾಷೆಯ ಕೃತಿಯನ್ನು ಮತ್ತೊಂದರ ಜತೆಗಿಟ್ಟು ಓದುವುದು, ಕಥೆಯೂ ವಿಚಾರವೂ ಗಡಿ ದಾಟುವಾಗ ಪಡೆಯುವ ರೂಪಾಂತರವನ್ನು ಅರಿಯುವುದು ಈ ಶಾಸ್ತ್ರದ ಕೆಲಸ. ಭಾಷಾಂತರ ಅದರ ಒಡಹುಟ್ಟು. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎರಡಕ್ಕೂ ಕೇಂದ್ರಗಳುಂಟು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನ ವಿಭಾಗವುಂಟು. ಅಷ್ಟು ದೂರವೇಕೆ? 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಪೆರಿಯದಲ್ಲೇ ಇದೆ. ಅಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯದಲ್ಲಿ ಎರಡು ವರ್ಷದ ಎಂ.ಎ. ವ್ಯಾಸಂಗವಿದೆ.

ಇದಕ್ಕೆ ಬೇಕಾದ ಮೂಲಧನ ನಮ್ಮ ಮಕ್ಕಳಲ್ಲಿದೆಯೇ ಎಂದು ಪರೀಕ್ಷಿಸಲು ನಾನು ಅವಳಿಗೆ ಒಂದು ಮಲಯಾಳ ಪ್ರಕಟಣೆಯನ್ನು ಕನ್ನಡಕ್ಕೆ ತರಲು ಕೊಟ್ಟೆ. ಮಲಯಾಳದ ‘ಅವಕಾಶಂ’ ಅವಳ ಕೈಯಲ್ಲಿ ‘ಅವಕಾಶ’ವಾಯಿತು. ಅಲ್ಲಿ ಅದರ ಅರ್ಥ ಹಕ್ಕು! ‘ಉಪನ್ಯಾಸ’ವೂ ಅಂಥದೇ: ನಮಗೆ ಭಾಷಣ, ಅವರಿಗೆ ಪ್ರಬಂಧ. ಎರಡನ್ನೂ ಆಡಬಲ್ಲ ಹುಡುಗಿ ಎಡವಿದ್ದೇಕೆ? ಹತ್ತನೆಯ ತರಗತಿಯ ಬಳಿಕ ಅವಳು ಕನ್ನಡ ಪುಸ್ತಕ ಮುಟ್ಟಿರಲಿಲ್ಲ. ಮನೆಮಾತು ಬಾಯಲ್ಲಿದ್ದರೆ ಸಾಲದು. ಓದಿನಲ್ಲಿಯೂ ಬರವಣಿಗೆಯಲ್ಲಿಯೂ ಬೆಳೆಯಬೇಕು.

ಹೊಟ್ಟೆಪಾಡಿನ ಪ್ರಶ್ನೆಯನ್ನು ಹೆತ್ತವರು ಕೇಳಿಯೇ ಕೇಳುತ್ತಾರೆ, ಕೇಳಬೇಕಾದುದೇ. ಈ ವ್ಯಾಸಂಗ ಉದ್ಯೋಗದ ಭರವಸೆ ಕೊಡುವುದಿಲ್ಲ. ಆದರೆ ಕಾಲೇಜು ಅಧ್ಯಾಪನಕ್ಕೆ ಅರ್ಹತೆ ನೀಡುವ ನೆಟ್ ಪರೀಕ್ಷೆಯಲ್ಲಿ ತೌಲನಿಕ ಸಾಹಿತ್ಯ ಪ್ರತ್ಯೇಕ ವಿಷಯವಾಗಿದೆ; ಪ್ರಕಾಶನ, ಪತ್ರಿಕೆ, ಸರಕಾರಿ ಭಾಷಾಂತರಗಳಲ್ಲಿ ಕೆಲಸವುಂಟು. 2025ರಲ್ಲಿ ಬಾನು ಮುಷ್ತಾಕರ ಕನ್ನಡ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಐವತ್ತು ಸಾವಿರ ಪೌಂಡಿನಲ್ಲಿ ಸಮಪಾಲು ಸಂದಿತು.

ನನ್ನ ವಿದ್ಯಾರ್ಥಿನಿ ಈಗ ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ವಾರಕ್ಕೊಮ್ಮೆ ಶಾಲೆಯ ಗ್ರಂಥಾಲಯದಿಂದ ಕನ್ನಡ ಪುಸ್ತಕ ಒಯ್ಯುತ್ತಾಳೆ. ಮಗುವನ್ನು ಕನ್ನಡ ತರಗತಿಯಿಂದ ಬಿಡಿಸಲು ಹೊರಟ ಹೆತ್ತವರಲ್ಲಿ ನನ್ನದೊಂದೇ ಬಿನ್ನಹ: ಆ ತರಗತಿ ನಿಮ್ಮ ಮಗುವಿಗೆ ಕನ್ನಡದ ಅರ್ಥದಲ್ಲಿ ಅವಕಾಶ, ಮಲಯಾಳದ ಅರ್ಥದಲ್ಲಿಯೂ ಅವಕಾಶ.