ಸಾಬೂನಿನ ಜನ್ಮವೃತ್ತಾಂತ

ಕೊಬ್ಬರಿ ಎಣ್ಣೆ ಬಟ್ಟೆಗೆ ತಗುಲಿದರೆ ಜಿಡ್ಡು ಹಿಡಿಯುತ್ತದೆ. ಕಾಸ್ಟಿಕ್ ಸೋಡಾದ ದ್ರಾವಣವು ಮೈಗೆ ತಗುಲಿದರೆ ಚರ್ಮವನ್ನೇ ಸುಡುತ್ತದೆ. ಒಂದೊಂದಾಗಿ ಮೈತೊಳೆಯಲು ಸರ್ವಥಾ ಅನರ್ಹವಾದ ಈ ಎರಡು ದ್ರವ್ಯಗಳು ಒಂದನ್ನೊಂದು ಕೂಡಿ, ತಮ್ಮ ಪೂರ್ವಗುಣಗಳನ್ನು ತೊರೆದು, ಸಾಬೂನೆಂಬ ಮೂರನೆಯ ವಸ್ತುವಾಗಿ ಪರಿಣಮಿಸುವ ಬಗೆಯು ರಸಾಯನಶಾಸ್ತ್ರದ ಮನೋಹರ ಪಾಠಗಳಲ್ಲೊಂದು.

ಕೊಬ್ಬನ್ನು ಬೂದಿಯ ಕ್ಷಾರಜಲದೊಡನೆ ಕುದಿಸಿ ಸಾಬೂನು ಮಾಡುವ ಕಸುಬು ಬಹು ಪ್ರಾಚೀನವಾದರೂ, ಆ ಹಂಡೆಯೊಳಗೆ ನಡೆಯುವುದು ಕೇವಲ ಮಿಶ್ರಣವಲ್ಲ, ವಿಘಟನೆ ಮತ್ತು ಪುನರ್ಘಟನೆ ಎಂಬುದನ್ನು ಸ್ಪಷ್ಟಪಡಿಸಿದವರು ಫ್ರಾನ್ಸಿನ ಮಿಷೆಲ್ ಷೆವ್ರಲ್. ಹಂದಿಯ ಕೊಬ್ಬಿನಿಂದ ತಯಾರಾದ ಸಾಬೂನೊಂದನ್ನು ೧೮೧೧ರಲ್ಲಿ ಪರೀಕ್ಷಿಸತೊಡಗಿದ ಅವರು, ಅದಕ್ಕೆ ಆಮ್ಲವನ್ನು ಬೆರೆಸಿದಾಗ ಮೂಲದ ಕೊಬ್ಬು ಮರಳಿ ಬಾರದೆ ಬೇರೊಂದು ಜಾತಿಯ ಆಮ್ಲಗಳು ದೊರೆತುದನ್ನು ಕಂಡು, ಆ ಮೇದಾಮ್ಲಗಳ ಅಧ್ಯಯನದ ಫಲವನ್ನು ೧೮೨೩ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಎಣ್ಣೆಯ ಅಣುವಿನಲ್ಲಿ ಒಂದು ಗ್ಲಿಸರಿನ್ ಭಾಗಕ್ಕೆ ಮೂರು ಮೇದಾಮ್ಲಗಳು ಬಂಧಿತವಾಗಿರುತ್ತವೆ. ಕ್ಷಾರವು ಆ ಬಂಧಗಳನ್ನು ಕಡಿದು ಗ್ಲಿಸರಿನ್ನನ್ನು ಬಿಡಿಸುತ್ತದೆ. ಮೇದಾಮ್ಲಗಳೊಡನೆ ಕಾಸ್ಟಿಕ್ ಸೋಡಾದಲ್ಲಿರುವ ಸೋಡಿಯಂ ಕೂಡಿ ಲವಣವಾಗುತ್ತದೆ. ಈ ಲವಣವೇ ಸಾಬೂನು. ಸೋಡಿಯಂಗೆ ಬದಲಾಗಿ ಪೊಟ್ಯಾಸಿಯಂ ಸೇರಿದರೆ ಮೆತ್ತನೆಯ ಸಾಬೂನು ದೊರೆಯುತ್ತದೆ. ಕುದಿದ ರಾಶಿಗೆ ಅಡುಗೆಯ ಉಪ್ಪನ್ನು ಹಾಕಿದರೆ ಸಾಬೂನು ಬೇರ್ಪಟ್ಟು ಮೇಲೆ ತೇಲುತ್ತದೆ, ಗ್ಲಿಸರಿನ್ ತಳದ ನೀರಿನಲ್ಲಿ ಉಳಿಯುತ್ತದೆ.

ಸಾಬೂನಿನ ಅಣುವಿನ ಒಂದು ತುದಿ ನೀರನ್ನು ಬಯಸುವುದು. ಇಂಗಾಲದ ಉದ್ದನೆಯ ಸರಪಳಿಯಾದ ಇನ್ನೊಂದು ತುದಿ ನೀರನ್ನು ತೊರೆದು ಜಿಡ್ಡನ್ನು ಆಶ್ರಯಿಸುವುದು. ಅಸಂಖ್ಯ ಅಣುಗಳು ಹೀಗೆ ಜಿಡ್ಡಿನ ಕಣವನ್ನು ಸುತ್ತುವರಿದಾಗ, ನೀರಿನೊಡನೆ ಎಂದೂ ಬೆರೆಯದ ಆ ಕೊಳೆಯು ನೀರಿನೊಡನೆಯೇ ಹರಿದುಹೋಗುತ್ತದೆ. ಗಡಸು ನೀರಿನಲ್ಲಿ ಮಾತ್ರ ಸುಣ್ಣದ ಅಂಶವು ಸಾಬೂನನ್ನು ಹಿಡಿದು, ಕರಗದ ಗಷ್ಟಾಗಿಸುವುದರಿಂದ ನೊರೆ ಏಳುವುದಿಲ್ಲ.

ಈ ಕ್ರಿಯೆಯಲ್ಲಿ ಪ್ರಮಾಣವೇ ಪ್ರಧಾನ. ಒಂದು ಕಿಲೋಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು ೧೮೩ ಗ್ರಾಂ ಕಾಸ್ಟಿಕ್ ಸೋಡಾ ಸಾಕು; ಬೇರೆ ಎಣ್ಣೆಗೆ ಬೇರೆ ತೂಕ. ಈ ಲೆಕ್ಕಕ್ಕೆ ಶಾಸ್ತ್ರಜ್ಞಾನ ಬೇಕಾದುದರಿಂದಲೇ, ೧೯೧೮ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆಗೆ ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದ ರಸಾಯನಜ್ಞ ಗರಳಪುರಿ ಶಾಸ್ತ್ರಿಗಳ ಸೇವೆ ದೊರೆತುದು ಆ ಉದ್ಯಮದ ಭಾಗ್ಯವೆಂದೇ ಹೇಳಬೇಕು. ಮನೆಯಲ್ಲಿ ಸಾಬೂನು ಮಾಡಬಯಸುವವರು ಕಣ್ಣಂದಾಜನ್ನು ನೆಚ್ಚದೆ ತಕ್ಕಡಿಯನ್ನು ನೆಚ್ಚಬೇಕು. ಕ್ಷಾರಕ್ಕೆ ನೀರನ್ನು ಸುರಿಯದೆ, ನೀರಿಗೆ ಕ್ಷಾರವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು.