ಬಿಸಿನೀರಿನ ಅಪಸ್ಮಾರವೂ ವಂಶದ ಲಿಪಿಯೂ

ನಮ್ಮ ಸೀಮೆಯ ಮನೆಗಳಲ್ಲಿ ಅಭ್ಯಂಜನವೆಂಬುದು ಆರೋಗ್ಯಕ್ಕೂ ಹಬ್ಬಕ್ಕೂ ಸೇರಿದ ಆಚಾರ. ಎಣ್ಣೆಯೊತ್ತಿ, ಹಂಡೆಯ ಬಿಸಿನೀರನ್ನು ಚೊಂಬು ಚೊಂಬಾಗಿ ಮಕ್ಕಳ ತಲೆಗೆ ಹೊಯ್ಯುವುದು ತಾಯಂದಿರ ವಾತ್ಸಲ್ಯದ ಒಂದು ರೀತಿಯೇ ಸರಿ. ಆದರೆ ಕೆಲವರಿಗೆ ಈ ಸ್ನಾನವೇ ಮೂರ್ಛೆಗೆ ಕಾರಣವಾಗುವುದುಂಟು. ನೀರು ತಲೆಗೆ ಬೀಳುತ್ತಿರುವಾಗಲೇ ನೋಟ ಮಂಕಾಗುವುದು, ಮಾತು ತೊದಲುವುದು. ಕೆಲವರು ಕೈಕಾಲು ಸೆಟೆದು ಬಿದ್ದುಬಿಡುವರು. ವೈದ್ಯರು ಇದಕ್ಕೆ ಬಿಸಿನೀರಿನ ಅಪಸ್ಮಾರವೆಂದು ಹೆಸರಿಟ್ಟಿದ್ದಾರೆ.

ಇದು 1945ರಲ್ಲಿ ದೂರದ ನ್ಯೂಜಿಲೆಂಡಿನಲ್ಲಿ ಮೊದಲು ವರದಿಯಾದ ವ್ಯಾಧಿ. ಆದರೂ ಇದರ ನೆಲೆವೀಡು ನಮ್ಮ ದಕ್ಷಿಣದೇಶವೇ ಎನ್ನಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಪಿ. ಸತೀಶ್‌ಚಂದ್ರರೂ ಅವರ ಸಂಗಡಿಗರೂ 1988ರಲ್ಲಿ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಕೆಲವರ ಮನೆತನದಲ್ಲಿ ಇದೇ ಬಾಧೆಯುಳ್ಳ ಬಂಧುಗಳೂ ಇರುವುದು ಕಂಡುಬಂದಿತು. ರೋಗವು ವಂಶವಾಹಿಯಾಗಿ ಇಳಿದುಬರುವುದೇ ಎಂಬ ಪ್ರಶ್ನೆ ಇಲ್ಲಿ ಹುಟ್ಟಿತು.

ಇದಕ್ಕೆ ಉತ್ತರವನ್ನು ಅರಸಿದವರು ನಾವು ವಾಸಿಸುವ ತಣಿಸಂದ್ರಕ್ಕೆ ನೆರೆಯವರೇ. ರಾಚೇನಹಳ್ಳಿ ಕೆರೆಯ ಬಳಿ, ಜಕ್ಕೂರಿನಲ್ಲಿ, 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಪ್ರಾಧ್ಯಾಪಕ ಅನುರಂಜನ್ ಆನಂದರ ಪ್ರಯೋಗಶಾಲೆಯೂ ನಿಮ್ಹಾನ್ಸಿನ ವೈದ್ಯರೂ ಕೂಡಿ ಇಂಥ ಕುಟುಂಬಗಳ ರಕ್ತವನ್ನು ಪರೀಕ್ಷಿಸಿದರು.

ಪರೀಕ್ಷೆಯ ಕ್ರಮವನ್ನು ಓಲೆಗರಿಯ ದೃಷ್ಟಾಂತದಿಂದ ತಿಳಿಯಬಹುದು. ಒಂದು ಗ್ರಂಥಕ್ಕೆ ಹತ್ತು ಪ್ರತಿಗಳಿದ್ದರೆ ಪಂಡಿತರು ಅವನ್ನು ಎದುರುಬದುರಾಗಿಟ್ಟು ಪಾಠಾಂತರಗಳನ್ನು ಗುರುತಿಸುವರು. ನಮ್ಮ ದೇಹದ ಕಣಕಣದಲ್ಲಿಯೂ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥವೊಂದಿದೆ. ಅದರ ಉದ್ದ ಸುಮಾರು 300 ಕೋಟಿ ಅಕ್ಷರ. ಯಂತ್ರಗಳು ಅದನ್ನು ಚೂರುಚೂರಾಗಿ ಓದುವುವು. ಆ ಚೂರುಗಳನ್ನು ಸರಿಯಾದ ಸ್ಥಾನದಲ್ಲಿ ಜೋಡಿಸಿ, ಪಾಠಾಂತರಗಳನ್ನು ಎಣಿಸಿಕೊಡುವುದು ಗಣಕಯಂತ್ರದ ಕೆಲಸ. ಬಹುಪಾಲು ಪಾಠಾಂತರಗಳಿಂದ ಅರ್ಥಹಾನಿಯಿಲ್ಲ. ರೋಗವುಳ್ಳ ಬಂಧುಗಳಲ್ಲಿ ಕಂಡು, ಆರೋಗ್ಯವಂತರಲ್ಲಿ ಅಪರೂಪವಾಗಿ, ಅರ್ಥವನ್ನೂ ಕೆಡಿಸುವ ಪಾಠ ಯಾವುದೆಂಬುದೇ ವಿಚಾರ.

ಹೀಗೆ ಹುಡುಕುತ್ತ 2009ರಲ್ಲಿ ಕೆಲವು ಕುಟುಂಬಗಳ ರೋಗಮೂಲವು ಹತ್ತನೆಯ ವರ್ಣತಂತುವಿನ ಒಂದು ಭಾಗದಲ್ಲಿ, ಮತ್ತೆ ಕೆಲವರದು ನಾಲ್ಕನೆಯದರಲ್ಲಿ ಇರುವಂತೆ ಕಂಡಿತು. 2017ರಲ್ಲಿ ಒಂಬತ್ತನೆಯ ವರ್ಣತಂತುವಿನ ಎಸ್‌ಎಲ್‌ಸಿ1ಎ1 ಎಂಬ ಜೀನಿನಲ್ಲಿ ಅಪರೂಪದ ಪಾಠಾಂತರಗಳು ಗೊತ್ತಾದುವು. ಗ್ಲುಟಮೇಟ್ ಎಂಬುದು ನರಗಳನ್ನು ಉದ್ರೇಕಗೊಳಿಸುವ ವಸ್ತು. ಅದನ್ನು ನರಕೋಶದೊಳಕ್ಕೆ ಸಾಗಿಸುವ ಒಂದು ವಾಹಕವನ್ನು ಈ ಜೀನು ನಿರ್ಮಿಸುತ್ತದೆ. ಆದಕಾರಣ ವ್ಯಾಧಿ ಒಂದೇ ಆದರೂ ಮೂಲವು ಎಲ್ಲ ಮನೆಗಳಲ್ಲಿ ಒಂದೇ ಅಲ್ಲವೆಂದಾಯಿತು.

ಯಾವ ಪಾಠ ಅಪರೂಪವೆಂದು ನಿರ್ಣಯಿಸಲು ನಮ್ಮ ಜನರದೇ ಪ್ರತಿಗಳು ಬೇಕು. ಪರದೇಶದವರಲ್ಲಿ ವಿರಳವಾದುದು ಇಲ್ಲಿ ಸಾಮಾನ್ಯವಾಗಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಮುಂದಾಳಾಗಿ ನಡೆಸಿದ ಜೀನೋಮ್ ಇಂಡಿಯಾ ಕಾರ್ಯದಲ್ಲಿ ದೇಶದ ಸುಮಾರು 10,000 ಜನರ ಗ್ರಂಥವನ್ನು ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟರು. ಈ ಕೊರತೆ ಇದರಿಂದ ಬಹುಮಟ್ಟಿಗೆ ನೀಗುವುದು.

ಗೃಹಸ್ಥರಿಗೆ ಇದರಿಂದೇನು ಫಲ? ಸ್ನಾನದಲ್ಲಿ ಮೂರ್ಛೆಹೋದ ಹುಡುಗಿಯನ್ನು ಗಾಳಿ ಸೋಕಿತೆಂದು ಮಂತ್ರವಾದಿಯಲ್ಲಿಗೆ ಒಯ್ದವರನ್ನೂ, ಮದುವೆಯ ಮಾತುಕತೆಯಲ್ಲಿ ಅದನ್ನು ಮುಚ್ಚಿಟ್ಟವರನ್ನೂ, ಆಮೇಲೆ ಸೊಸೆಯ ತವರನ್ನು ಹೀಯಾಳಿಸಿದವರನ್ನೂ ನಾವು ಬಲ್ಲೆವು. ಇಂಥ ಪಾಠವು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಒಂದೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧದಷ್ಟು. ಇಳಿದವರೆಲ್ಲರಲ್ಲಿಯೂ ರೋಗ ತೋರಲೇಬೇಕೆಂಬ ನಿಯಮವೂ ಇಲ್ಲ. ಇದರಲ್ಲಿ ಯಾರ ದೋಷವೂ ಇಲ್ಲ, ಯಾವ ಶಾಪವೂ ಇಲ್ಲ.

ಅನೇಕರಿಗೆ ನೀರಿನ ಬಿಸಿಯನ್ನು ತಗ್ಗಿಸಿ, ತಲೆಗೆ ಒಮ್ಮೆಲೇ ಸುರಿಯದಿದ್ದರೆ ಬಾಧೆ ದೂರವಾಗುವುದು; ಅದು ಸಾಲದವರಿಗೆ ವೈದ್ಯರು ಔಷಧ ಕೊಡುವರು. ಇಂಥವರು ಬಚ್ಚಲುಮನೆಯ ಅಗಳಿ ಹಾಕಿಕೊಳ್ಳಬಾರದು. ಒಲೆ ಹಂಡೆಗಳ ಬಳಿ ಒಬ್ಬರೇ ಕೂರಬಾರದು. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬರುವ ದೀಪಾವಳಿಗೆ ನೀರು ಕಾಯಿಸುವ ಗೃಹಿಣಿಯರು ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಬೇಕೆಂದೂ, ಮನೆಯಲ್ಲಿ ಈ ಬಾಧೆಯಿದ್ದರೆ ಮರೆಮಾಚದೆ ವೈದ್ಯರಿಗೆ ತಿಳಿಸಬೇಕೆಂದೂ ನಮ್ಮ ಬಿನ್ನಹ.